ಜಾಫಿನೋ ಅಕ್ಷರಶೈಲಿ: ಆಮಂತ್ರಣ ಪತ್ರಿಕೆಯಲ್ಲಿ ಅದಕ್ಕೆ ಎಷ್ಟು ಜಾಗ ಕೊಡಬೇಕು?

ಪುಟವಿನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಮದುವೆಯ ಆಮಂತ್ರಣ ಪತ್ರಿಕೆಯೊಂದರ ವಿನ್ಯಾಸ ನನ್ನ ಪಾಲಿಗೆ ಬಂದಿದೆ. ಪತ್ರಿಕೆಯ ಒಂದು ಮಗ್ಗುಲು ಕನ್ನಡದಲ್ಲಿಯೂ ಇನ್ನೊಂದು ಮಗ್ಗುಲು ಇಂಗ್ಲಿಷಿನಲ್ಲಿಯೂ ಇರುತ್ತದೆ. ಬಂಧುಗಳಲ್ಲಿ ಹಲವರು ಹೊರದೇಶದಲ್ಲಿ ನೆಲೆಸಿದ್ದು, ಅವರ ಮಕ್ಕಳಿಗೆ ಕನ್ನಡ ಓದಲು ಬಾರದಿರುವುದು ಇದಕ್ಕೆ ಕಾರಣ. ಇಂಗ್ಲಿಷ್ ಮಗ್ಗುಲನ್ನು ಪೂರ್ತಿಯಾಗಿ ಜಾಫಿನೋ ಅಕ್ಷರಶೈಲಿಯಲ್ಲಿಯೇ ಹೊಂದಿಸಬೇಕೆಂಬುದು ಮನೆಯವರ ಅಪೇಕ್ಷೆ. ಮ್ಯಾಕ್ ಗಣಕದಲ್ಲಿ ಅದನ್ನು ನೋಡಿ ಅವರು ಮೆಚ್ಚಿಕೊಂಡಿದ್ದಾರೆ, ಅದರ ಉದ್ದನೆಯ ಬಾಲಗಳೂ ಬಳುಕುವ ಗೆರೆಗಳೂ ನನಗೂ ಇಷ್ಟವೇ. ಆದರೆ ಮುಹೂರ್ತ, ಸ್ಥಳ, ವಿಳಾಸ, ಎರಡೂ ಕಡೆಯ ಹಿರಿಯರ ಹೆಸರುಗಳು ಎಲ್ಲವನ್ನೂ ಅದರಲ್ಲಿ ಹಾಕಿ ನೋಡಿದಾಗ ಸಾಲುಗಳು ಒಂದಕ್ಕೊಂದು ತೊಡರಿಕೊಂಡು ಪುಟ ಓದಲಾಗದಂತಾಯಿತು.

ಈ ಅಕ್ಷರಶೈಲಿಯನ್ನು ಎಷ್ಟರ ಮಟ್ಟಿಗೆ ಬಳಸುವುದು ಸರಿ, ಅದರ ಪಕ್ಕದಲ್ಲಿ ಯಾವ ಬಗೆಯ ಕನ್ನಡ ಅಕ್ಷರ ನಿಲ್ಲಬಲ್ಲದು, ಹೊನ್ನಿನ ಬಣ್ಣದ ಫಾಯಿಲ್‌ನಲ್ಲಿ ಅಚ್ಚು ಹಾಕಿಸಿದರೆ ಅದರ ಸಣ್ಣ ಗೆರೆಗಳು ಉಳಿಯುತ್ತವೆಯೇ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಅಚ್ಚುಮೊಳೆ

ಸಾಲುಗಳು ತೊಡರಿಕೊಳ್ಳುವುದು ಈ ಅಕ್ಷರಶೈಲಿಯ ದೋಷವಲ್ಲ, ಅದು ಅದರ ಹುಟ್ಟಿನಲ್ಲಿಯೇ ಇರುವ ಗುಣ. ಅದು ಹುಟ್ಟಿದ ಬಗೆಯನ್ನು ತಿಳಿದುಕೊಂಡರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಇದನ್ನು ರೂಪಿಸಿದವರು ಜರ್ಮನಿಯ ಹರ್ಮನ್ ಜಾಫ್. ಅವರು 1918ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಜನಿಸಿ 2015ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ತೀರಿಕೊಂಡರು. ಎಂಜಿನಿಯರ್ ಆಗಬೇಕೆಂದಿದ್ದ ಹುಡುಗ. ತಂದೆ ಕಾರ್ಮಿಕ ಸಂಘಟನೆಯಲ್ಲಿದ್ದುದರಿಂದ ನಾಜಿ ಆಡಳಿತ ಬಂದ ಮೇಲೆ ಆ ದಾರಿ ಮುಚ್ಚಿ, ಮುದ್ರಣಾಲಯವೊಂದರಲ್ಲಿ ಚಿತ್ರಗಳನ್ನು ತಿದ್ದುವ ಕೆಲಸಕ್ಕೆ ಸೇರಬೇಕಾಯಿತು. 1935ರಲ್ಲಿ ರುಡಾಲ್ಫ್ ಕೋಖ್ ಎಂಬ ಅಕ್ಷರ ಕಲಾವಿದರ ಕೃತಿಗಳ ಪ್ರದರ್ಶನವನ್ನು ನೋಡಿದ ಮೇಲೆ ಪುಸ್ತಕಗಳನ್ನು ಕೊಂಡು ಮನೆಯಲ್ಲಿಯೇ ಅಗಲ ಮೂತಿಯ ಲೇಖನಿಯಿಂದ ಬರೆಯುವುದನ್ನು ಕಲಿತರು, ಅಂದರೆ ಈ ವಿದ್ಯೆಯಲ್ಲಿ ಅವರಿಗೆ ಗುರುವಿರಲಿಲ್ಲ. ಯುದ್ಧಕಾಲದಲ್ಲಿ ಅವರನ್ನು ಸೇನೆಯ ನಕಾಶೆ ವಿಭಾಗಕ್ಕೆ ಹಾಕಿದರು. ಭೂತಗನ್ನಡಿಯಿಲ್ಲದೆ ಒಂದು ಮಿಲಿಮೀಟರ್ ಎತ್ತರದ ಅಕ್ಷರಗಳನ್ನು ಬರೆಯಬಲ್ಲ ಕಣ್ಣು ಅವರದಾಗಿತ್ತು. ಆ ದಿನಗಳಲ್ಲಿ, 1944ರಲ್ಲಿ, ಅವರು ತಮ್ಮ ಚಿತ್ರಪುಸ್ತಕದ ಹಾಳೆಯೊಂದರಲ್ಲಿ ಸರಾಗವಾಗಿ ಹರಿಯುವ ಕೈಬರಹದ ಅಕ್ಷರಮಾಲೆಯೊಂದನ್ನು ಬರೆದಿಟ್ಟರು. ಜಾಫಿನೋದ ಬೀಜ ಆ ಹಾಳೆಯಲ್ಲಿದೆ.

ಅಕ್ಷರಗಳು ಆ ಹಾಳೆಯಿಂದ ಅಚ್ಚಿಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿದದ್ದು ಏಕೆ ಎಂಬುದೇ ಮುಖ್ಯ ವಿಷಯ. ಯುದ್ಧ ಮುಗಿದ ಮೇಲೆ ಜಾಫ್ ಫ್ರಾಂಕ್‌ಫರ್ಟಿನ ಸ್ಟೆಂಪೆಲ್ ಅಕ್ಷರ ಎರಕದ ಸಂಸ್ಥೆಗೆ ಸೇರಿ, ಮುಂದೆ ಜಗತ್ತೆಲ್ಲ ಬಳಸಿದ ಪ್ಯಾಲಟಿನೋ, ಆಪ್ಟಿಮಾಗಳಂತಹ ಅಕ್ಷರಶೈಲಿಗಳನ್ನು ರೂಪಿಸಿದರು. ವರ್ಚುವೋಸಾ ಎಂಬ ಲೇಖನಿ ಬರಹದ ಶೈಲಿಯೊಂದನ್ನೂ ಸೀಸದ ಮೊಳೆಗಳಿಗೆ ಇಳಿಸಿದರು. ಆದರೆ ಸೀಸದ ಮೊಳೆ ಆಯತಾಕಾರದ ಒಂದು ತುಂಡು. ಅಕ್ಷರದ ಬಾಲ ಆ ತುಂಡಿನ ಅಂಚಿನಿಂದ ಹೊರಗೆ ಚಾಚಿದರೆ ಪಕ್ಕದ ಮೊಳೆಗೆ ತಗುಲಿ ಮುರಿಯುತ್ತದೆ. ಕೈ ಬರೆಯುವಾಗ ‘ಎಫ್’ ಅಕ್ಷರದ ಬಾಲ ಕೆಳಗಿನ ಸಾಲಿನವರೆಗೂ ಇಳಿಯಬಹುದು, ‘ಡಿ’ಯ ತಲೆ ಹಿಂದಿನ ಎರಡು ಅಕ್ಷರಗಳ ಮೇಲೆ ಬಾಗಬಹುದು, ಮೊಳೆಗೆ ಅದು ಸಾಧ್ಯವಿಲ್ಲ. ಹೀಗಾಗಿ ಸೀಸದ ಕಾಲದ ಲೇಖನಿ ಶೈಲಿಗಳೆಲ್ಲ ರೆಕ್ಕೆ ಕತ್ತರಿಸಿದ ಹಕ್ಕಿಗಳಾದವು.

1993ರಲ್ಲಿ ಡೇವಿಡ್ ಸೀಗಲ್ ಎಂಬ ಅಮೆರಿಕದ ತರುಣರು ಜಾಫ್ ಅವರಿಗೆ ಪತ್ರ ಬರೆದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರೊಡನೆ ಜಾಫ್ ಗಣಿತದ ಬಳಕೆಗಾಗಿ ರೂಪಿಸಿದ ಆಯ್ಲರ್ ಅಕ್ಷರಶೈಲಿಯ ಕೆಲಸದಲ್ಲಿ ಸೀಗಲ್ ಭಾಗಿಯಾಗಿದ್ದರು. ಒಂದೊಂದು ಅಕ್ಷರಕ್ಕೂ ಹಲವು ರೂಪಗಳಿದ್ದು, ಯಾವ ರೂಪ ಎಲ್ಲಿ ಬರಬೇಕೆಂಬುದನ್ನು ಗಣಕವೇ ಆರಿಸುವಂತಹ ಅಕ್ಷರಶೈಲಿಯೊಂದು ಅವರ ಕಲ್ಪನೆಯಲ್ಲಿತ್ತು. ಆಗ ಜಾಫ್ ಅವರಿಗೆ ತಮ್ಮ 1944ರ ಹಾಳೆ ನೆನಪಾಯಿತು. ಮುಂದೆ ಸೀಗಲ್ ಯೋಜನೆಯಿಂದ ದೂರ ಸರಿದರೂ ಜಾಫ್ ಅದನ್ನು ಲೈನೋಟೈಪ್ ಎಂಬ ಅಕ್ಷರಶೈಲಿಗಳ ಸಂಸ್ಥೆಗೆ ಕೊಂಡೊಯ್ದರು. 1998ರಲ್ಲಿ ಜಾಫಿನೋ ಹೊರಬಂದಿತು. ಆಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು.

ಹೀಗೆ ಇದು ಅಂಚುಗಳನ್ನು ಮೀರಲೆಂದೇ ಹುಟ್ಟಿದ ಅಕ್ಷರ. ಚಿಕ್ಕ ಅಕ್ಷರಗಳ ಒಡಲು ಬಹಳ ಸಣ್ಣದು, ತಲೆ ಮತ್ತು ಬಾಲಗಳು ಅದಕ್ಕೆ ಹೋಲಿಸಿದರೆ ಬಹಳ ಉದ್ದ. ಅಂತಹ ಅಕ್ಷರವನ್ನು ಹತ್ತು ಹನ್ನೆರಡು ಸಾಲುಗಳಲ್ಲಿ ಒತ್ತೊತ್ತಾಗಿ ಹೊಂದಿಸಿ ವಿಳಾಸ ಬರೆಯುವುದೆಂದರೆ ಅದರ ಉದ್ದೇಶಕ್ಕೇ ವಿರುದ್ಧವಾಗಿ ನಡೆದುಕೊಂಡಂತೆ. ವಧೂವರರ ಹೆಸರುಗಳು ಮಾತ್ರ ಜಾಫಿನೋದಲ್ಲಿರಲಿ, ಅವುಗಳ ಸುತ್ತ ಪುಟದ ಮೂರರಲ್ಲಿ ಒಂದು ಪಾಲಾದರೂ ಖಾಲಿ ಇರಲಿ, ಉಳಿದುದೆಲ್ಲ ಶಾಂತವಾದ ಸೆರಿಫ್ ಅಕ್ಷರದಲ್ಲಿ, ಅಂದರೆ ಗೆರೆಗಳ ತುದಿಯಲ್ಲಿ ಪುಟ್ಟ ಚಾಚುಗಳಿರುವ ಅಕ್ಷರದಲ್ಲಿರಲಿ ಎಂಬುದು ನನ್ನ ಅಭಿಪ್ರಾಯ.

ಬಳಪ

ಅಚ್ಚುಮೊಳೆಯವರ ಚರಿತ್ರೆಯನ್ನು ಒಪ್ಪುತ್ತೇನೆ. ತೀರ್ಮಾನವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಮ್ಯಾಕ್ ಗಣಕಗಳಲ್ಲಿ ಹಾಕಿಕೊಡಲು ಆರಂಭಿಸಿದ ಮೇಲೆ ಜಾಫಿನೋ ಎಲ್ಲರ ಕೈಗೂ ಸಿಕ್ಕಿ, ಸೌಂದರ್ಯ ಮಳಿಗೆಯ ಫಲಕ, ಕೇಕಿನ ಡಬ್ಬಿ, ಪ್ರಶಸ್ತಿ ಪತ್ರ, ಯೋಗ ಶಿಬಿರದ ಕರಪತ್ರ ಎಂಬ ಭೇದವಿಲ್ಲದೆ ಎಲ್ಲೆಡೆಯೂ ಕಾಣಿಸಿಕೊಂಡಿತು. ‘ಇದು ಸೊಗಸಾದದ್ದು’ ಎಂದು ಕೂಗಿ ಹೇಳುವ ಅಕ್ಷರ ಸೊಗಸನ್ನು ಕಳೆದುಕೊಳ್ಳುತ್ತದೆ. ಸಾಂಪ್ರದಾಯಿಕ ಆಮಂತ್ರಣಕ್ಕೆ ಸ್ನೆಲ್ ರೌಂಡ್‌ಹ್ಯಾಂಡ್ ಅಥವಾ ಬಿಕ್‌ಹ್ಯಾಮ್ ಸ್ಕ್ರಿಪ್ಟ್ ಹೆಚ್ಚು ಗಂಭೀರವಾಗಿ ಕಾಣುವುದಿಲ್ಲವೇ?

ಅಚ್ಚುಮೊಳೆ

ಬಳಪ ಅವರೇ, ಅವು ಬೇರೆ ಕುಲದ ಅಕ್ಷರಗಳು. ಸ್ನೆಲ್ ರೌಂಡ್‌ಹ್ಯಾಂಡನ್ನು ಮ್ಯಾಥ್ಯೂ ಕಾರ್ಟರ್ 1960ರ ದಶಕದ ನಡುವೆ ಲೈನೋಟೈಪ್ ಸಂಸ್ಥೆಗಾಗಿ, ಇಂಗ್ಲೆಂಡಿನ ಹಳೆಯ ಬರವಣಿಗೆಯ ಉಪಾಧ್ಯಾಯ ಚಾರ್ಲ್ಸ್ ಸ್ನೆಲ್ ಅವರ ಕೈಬರಹವನ್ನು ಆಧರಿಸಿ ರೂಪಿಸಿದರು. ಬಿಕ್‌ಹ್ಯಾಮ್ ಸ್ಕ್ರಿಪ್ಟ್ ರಿಚರ್ಡ್ ಲಿಪ್ಟನ್ ಅವರದು. ಅದರ ಮೂಲ ಹದಿನೆಂಟನೆಯ ಶತಮಾನದ ತಾಮ್ರಫಲಕದ ಕೆತ್ತನೆಗಳಲ್ಲಿದೆ. ಎರಡರಲ್ಲಿಯೂ ಚೂಪಾದ, ಬಾಗುವ ಮೂತಿಯ ಲೇಖನಿಯ ಗುಣವಿದೆ: ಒತ್ತಿದರೆ ಗೆರೆ ದಪ್ಪ, ಬಿಟ್ಟರೆ ಕೂದಲೆಳೆ. ಅಕ್ಷರಗಳು ಒಂದಕ್ಕೊಂದು ಕೈಹಿಡಿದು ಸಮನಾದ ಓರೆಯಲ್ಲಿ ಸಾಗುತ್ತವೆ, ಆ ಸಮತೆಯಿಂದಲೇ ಅವುಗಳಿಗೆ ದರ್ಬಾರಿನ ಗಾಂಭೀರ್ಯ ಬಂದಿದೆ.

ಜಾಫಿನೋ ಅಗಲ ಮೂತಿಯ ಲೇಖನಿಯ ಪರಂಪರೆಗೆ ಸೇರಿದ್ದು, ಇಟಲಿಯ ನವೋದಯ ಕಾಲದ ಕಚೇರಿ ಬರಹಕ್ಕೆ ಹತ್ತಿರದ ಬಂಧು. ಅದರಲ್ಲಿ ಗೆರೆಯ ದಪ್ಪ ಬದಲಾಗುವುದು ಲೇಖನಿಯ ಮೂತಿ ಹಿಡಿದ ಕೋನದಿಂದ, ಒತ್ತಡದಿಂದಲ್ಲ. ಅಕ್ಷರಗಳು ಎಲ್ಲೆಡೆಯೂ ಕೂಡಿಕೊಳ್ಳುವುದಿಲ್ಲ. ಕೆಲವು ಬಿಡಿಯಾಗಿ ನಿಲ್ಲುತ್ತವೆ, ಕೆಲವು ಪಕ್ಕದ ಅಕ್ಷರವನ್ನು ತಬ್ಬಿಕೊಳ್ಳುತ್ತವೆ. ಆದ್ದರಿಂದ ಅದರ ಭಾವ ರಾಜಪತ್ರದ್ದಲ್ಲ, ಬಲ್ಲವರೊಬ್ಬರು ಆತ್ಮೀಯರಿಗೆ ಬರೆದ ಪತ್ರದ್ದು. ಯಾವುದು ಮೇಲು ಎಂಬ ಪ್ರಶ್ನೆಯೇ ಇಲ್ಲ. ಅತಿಬಳಕೆಯ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ನೀವು ನೋಡಿದ ಫಲಕಗಳಲ್ಲಿ ಬಹುಪಾಲು ಕೀಲಿಮಣೆ ಒತ್ತಿದಂತೆ ಬಂದ ಮೊದಲ ರೂಪಗಳನ್ನೇ ಇಟ್ಟುಕೊಂಡಿದ್ದವು ಎಂದು ನನ್ನ ಊಹೆ. ಅದರ ಬದಲಿ ರೂಪಗಳನ್ನು ಆರಿಸಿ ಬಳಸಿದವರು ಅಪರೂಪ.

ಕೋಡುಬರಹ

ಬದಲಿ ರೂಪಗಳ ಮಾತು ಬಂದದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. 1998ರಲ್ಲಿ ಬಂದ ಮೊದಲ ಆವೃತ್ತಿಯಲ್ಲಿ ನಾಲ್ಕು ಅಕ್ಷರಮಾಲೆಗಳು ನಾಲ್ಕು ಪ್ರತ್ಯೇಕ ಫಾಂಟ್‌ಗಳಾಗಿದ್ದವು. ಅಕ್ಷರಗಳು ಒಂದಕ್ಕೊಂದು ಬೆಸೆದ ಕೂಡಕ್ಷರಗಳಿಗೆ ಒಂದು, ಅಲಂಕಾರಗಳಿಗೆ ಒಂದು ಬೇರೆ. ಆ ಕಾಲದ ಫಾಂಟಿನಲ್ಲಿ ಕೀಲಿಮಣೆಯ ಸಂಕೇತಗಳಿಗೆ ಇದ್ದ ಸ್ಥಾನ 256 ಮಾತ್ರ ಎಂಬುದು ಇದಕ್ಕೆ ಕಾರಣ. ಒಂದೇ ಪದದಲ್ಲಿ ಎರಡು ‘ಇ’ ಬಂದು ಎರಡನ್ನೂ ಬೇರೆ ಬೇರೆಯಾಗಿ ತೋರಿಸಬೇಕೆಂದರೆ ವಿನ್ಯಾಸಕರು ಒಂದು ಅಕ್ಷರವನ್ನು ಆಯ್ದು ಫಾಂಟನ್ನೇ ಬದಲಿಸಬೇಕಾಗುತ್ತಿತ್ತು. ಕನ್ನಡದವರಿಗೆ ಈ ಇಕ್ಕಟ್ಟು ಹೊಸದಲ್ಲ: ಯೂನಿಕೋಡ್‌ಗೆ ಮುಂಚಿನ ನಮ್ಮ ಫಾಂಟ್‌ಗಳು ಒತ್ತಕ್ಷರ, ಗುಣಿತದ ತುಣುಕುಗಳನ್ನು ಅಷ್ಟೇ ಸ್ಥಾನಗಳಲ್ಲಿ ತುರುಕಿಕೊಂಡು ಬದುಕಿದ್ದವು.

2003ರಲ್ಲಿ ಅಕಿರಾ ಕೊಬಾಯಾಶಿ ಅವರ ಜೊತೆಗೂಡಿ ಜಾಫ್ ಇದನ್ನು ಓಪನ್‌ಟೈಪ್ ಎಂಬ ಫಾಂಟ್ ಕಡತದ ರೂಪಕ್ಕೆ ತಂದು ಜಾಫಿನೋ ಎಕ್ಸ್‌ಟ್ರಾ ಎಂದು ಪ್ರಕಟಿಸಿದರು. ಅದರಲ್ಲಿ ಫೋರ್ಟೆ ಎಂಬ ದಪ್ಪ ಗೆರೆಯ ರೂಪವೂ ಸೇರಿತು. ಓಪನ್‌ಟೈಪ್ ಬಂದ ಮೇಲೆ ಎಲ್ಲ ರೂಪಗಳೂ ಒಂದೇ ಕಡತದಲ್ಲಿ ನೆಲೆಸಿ, ಯಾವ ಅಕ್ಷರದ ಮುಂದೆ ಯಾವ ರೂಪ ಬರಬೇಕೆಂಬ ನಿಯಮಗಳೂ ಅದರೊಳಗೇ ಬರೆಯಲ್ಪಟ್ಟವು. ಆ್ಯಪಲ್ ಸಂಸ್ಥೆ ಮ್ಯಾಕ್‌ನಲ್ಲಿ ಕೊಡುವ ಆವೃತ್ತಿ ತನ್ನದೇ ಆದ ಬೇರೆ ತಂತ್ರವನ್ನು ಬಳಸುತ್ತದೆ. ಅದರಲ್ಲಿ ಸಾವಿರಕ್ಕೂ ಹೆಚ್ಚು ಅಕ್ಷರರೂಪಗಳಿವೆ. ರೋಮನ್ ಲಿಪಿಯಲ್ಲಿ ಈ ಅಕ್ಷರಶೈಲಿಯ ಹೆಸರನ್ನೇ ಬೆರಳಚ್ಚಿಸಿ ನೋಡಿ: ಏಳು ಅಕ್ಷರಗಳು ಸೇರಿ ಒಂದೇ ಅಖಂಡ ರೂಪವಾಗಿ, ಸಹಿ ಹಾಕಿದಂತೆ ಬದಲಾಗುತ್ತವೆ.

ಈ ಯಂತ್ರವನ್ನೇ ನಾವು ದಿನವೂ ಬೇರೆ ಕೆಲಸಕ್ಕೆ ಬಳಸುತ್ತಿದ್ದೇವೆ ಎಂಬುದು ಗಮನಿಸಬೇಕಾದ ಸಂಗತಿ. ‘ಧರ್ಮ’ ಎಂದು ಬರೆಯುವಾಗ ರಕಾರ, ಹಲಂತ, ಮಕಾರ ಎಂಬ ಕ್ರಮದಲ್ಲಿ ಕೀಲಿ ಒತ್ತಿದರೂ ಪರದೆಯ ಮೇಲೆ ಮಕಾರ ಮೊದಲು ನಿಂತು ಅರ್ಕಾವತ್ತು ಅದರ ಬಲಕ್ಕೆ ಹೋಗಿ ಕೂರುತ್ತದೆ. ‘ಅಕ್ಕ’ ಎಂದರೆ ಎರಡನೆಯ ಕಕಾರ ಕೆಳಗಿಳಿದು ಒತ್ತಾಗುತ್ತದೆ. ಇವೂ ಫಾಂಟಿನೊಳಗಿನ ರೂಪ ಬದಲಾವಣೆಯ ನಿಯಮಗಳೇ. ಜಾಫಿನೋಗೆ ಅಲಂಕಾರವಾಗಿರುವ ತಂತ್ರ ಕನ್ನಡಕ್ಕೆ ಉಸಿರು. ಅದನ್ನು ತೆಗೆದರೆ ಜಾಫಿನೋ ಸಪ್ಪೆಯಾದೀತು, ಕನ್ನಡ ಮುರಿದೇ ಹೋಗುತ್ತದೆ.

ಪುಟವಿನ್ಯಾಸಕಿಯವರು ಗಮನಿಸಬೇಕಾದದ್ದು ತಂತ್ರಾಂಶದ ಆಯ್ಕೆ. ನಮ್ಮ ಊರುಗಳ ಅನೇಕ ಡಿಟಿಪಿ ಕೇಂದ್ರಗಳಲ್ಲಿ ಈಗಲೂ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶ ಬಳಕೆಯಲ್ಲಿದೆ. ಅದಕ್ಕೆ ಓಪನ್‌ಟೈಪ್ ನಿಯಮಗಳ ಅರಿವಿಲ್ಲ. ಆದ್ದರಿಂದ ಅಲ್ಲಿ ಜಾಫಿನೋ ಎಕ್ಸ್‌ಟ್ರಾ ಕೊಂಡರೂ ಬರಿಯ ಮೂಲ ರೂಪಗಳೇ ಸಿಗುತ್ತವೆ, ಯೂನಿಕೋಡ್ ಕನ್ನಡವಂತೂ ಒಡೆದು ಕಾಣುತ್ತದೆ. ಇನ್‌ಡಿಸೈನ್‌ನಲ್ಲಿ (ಈಗಿನ ಪುಟವಿನ್ಯಾಸ ತಂತ್ರಾಂಶ) ಕನ್ನಡದ ಭಾಗಕ್ಕೆ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳಿ, ಇಂಗ್ಲಿಷ್ ಹೆಸರುಗಳಿಗೆ ಗ್ಲಿಫ್ ಫಲಕವನ್ನು, ಅಂದರೆ ಅಕ್ಷರರೂಪಗಳ ಪಟ್ಟಿಯನ್ನು ತೆರೆದು ಒಂದೊಂದು ಅಕ್ಷರದ ಬದಲಿ ರೂಪವನ್ನೂ ಕಣ್ಣಾರೆ ನೋಡಿ ಆರಿಸಿ. ಯಂತ್ರ ತಾನಾಗಿ ಆರಿಸಿದ್ದು ತಪ್ಪಿರುವುದಿಲ್ಲ, ಆದರೆ ನಿಮ್ಮ ಪುಟದಲ್ಲಿ ಖಾಲಿ ಎಲ್ಲಿದೆ ಎಂಬುದು ಅದಕ್ಕೆ ತಿಳಿಯದು.

ಪುಟವಿನ್ಯಾಸಕಿ

ಬಹಳ ಉಪಕಾರವಾಯಿತು. ಬದಲಿ ರೂಪಗಳನ್ನು ಆರಿಸುವಾಗ ಯಾವ ಕ್ರಮವನ್ನು ಅನುಸರಿಸಬೇಕು? ನಮ್ಮ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದರೆ ‘ಎ’ ಮತ್ತು ‘ಎಚ್’ ಮತ್ತೆ ಮತ್ತೆ ಬರುತ್ತವೆ. ಎಲ್ಲ ಕಡೆಯೂ ಬಳುಕುವ ರೂಪಗಳನ್ನು ಹಾಕಿದಾಗ ಹೆಸರೇ ಕಳೆದುಹೋದಂತೆ ಕಂಡಿತು.

ಕೋಡುಬರಹ

ರಾಘವೇಂದ್ರ ಎಂಬ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರೋಮನ್ ಲಿಪಿಯಲ್ಲಿ ಅದರೊಳಗೆ ‘ಎ’ ಮೂರು ಸಲ ಬರುತ್ತದೆ, ‘ಎಚ್’ ಮತ್ತು ‘ಡಿ’ ತಲೆ ಎತ್ತುತ್ತವೆ, ‘ಜಿ’ ಕೆಳಗಿಳಿಯುತ್ತದೆ. ಮೂರು ‘ಎ’ಗಳೂ ಅಚ್ಚು ಒತ್ತಿದಂತೆ ಒಂದೇ ಆಗಿದ್ದರೆ ಕೈಬರಹದ ಭ್ರಮೆ ಅಲ್ಲಿಯೇ ಒಡೆಯುತ್ತದೆ, ಆದ್ದರಿಂದ ನಡುವಿನದನ್ನು ಅಥವಾ ಕೊನೆಯದನ್ನು ಸ್ವಲ್ಪ ಬೇರೆಯಾಗಿಸಿ. ಬಾಲದ ಬಳುಕನ್ನು ‘ಜಿ’ಗೆ ಮಾತ್ರ ಕೊಡಿ, ಏಕೆಂದರೆ ಕೆಳಗಡೆ ಅದಕ್ಕೆ ಎದುರಾಳಿಯಿಲ್ಲ. ಮೇಲುಗಡೆ ‘ಎಚ್’ ಮತ್ತು ‘ಡಿ’ ಎರಡಕ್ಕೂ ಬಳುಕು ಕೊಟ್ಟರೆ ಅವು ಒಂದರ ಮೇಲೊಂದು ಬೀಳುತ್ತವೆ. ಎರಡರಲ್ಲಿ ಒಂದನ್ನು ಸರಳವಾಗಿ ಬಿಡಬೇಕು. ಮೊದಲ ದೊಡ್ಡಕ್ಷರದಲ್ಲಿಯೇ ಸಾಕಷ್ಟು ವೈಭವವಿರುವುದರಿಂದ ಪದದ ಕೊನೆಯಲ್ಲಿ ಮತ್ತೊಂದು ದೊಡ್ಡ ಬಾಲ ಬೇಕಾಗುವುದು ಅಪರೂಪ.

ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಎಂದಿಗೂ ಹೊಂದಿಸಬೇಡಿ. ಜಾಫಿನೋದ ಪ್ರತಿಯೊಂದು ದೊಡ್ಡಕ್ಷರವೂ ಪದದ ಮೊದಲಲ್ಲಿ ಒಂಟಿಯಾಗಿ ನಿಲ್ಲಲೆಂದು ಬರೆದದ್ದು. ಎಂಟು ಹತ್ತು ಒಟ್ಟಿಗೆ ನಿಂತರೆ ಯಾವುದನ್ನೂ ಓದಲಾಗದು. ಅಕ್ಷರಗಳ ನಡುವಣ ಅಂತರವನ್ನೂ ಹಿಗ್ಗಿಸಬೇಡಿ. ಕೂಡಿಕೊಂಡಿದ್ದ ಗೆರೆಗಳು ಬಿಟ್ಟುಹೋಗುತ್ತವೆ, ಹಲವು ತಂತ್ರಾಂಶಗಳಲ್ಲಿ ಕೂಡಕ್ಷರಗಳೇ ತಾವಾಗಿ ಬಿಡಿಬಿಡಿಯಾಗುತ್ತವೆ.

ಮುದ್ರಕ

ಫಾಯಿಲ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಫಾಯಿಲ್‌ಗೆ ಲೋಹದ ಬ್ಲಾಕ್ ಮಾಡಿಸಬೇಕು, ಕಾಯಿಸಿದ ಬ್ಲಾಕ್ ಫಾಯಿಲ್ ಹಾಳೆಯನ್ನು ಒತ್ತಿ ಹೊನ್ನಿನ ಪದರವನ್ನು ಕಾಗದಕ್ಕೆ ಅಂಟಿಸುತ್ತದೆ. ಜಾಫಿನೋದಲ್ಲಿ ಎರಡು ಕಡೆ ತೊಂದರೆ ಬರುತ್ತದೆ. ಬಾಲದ ತುದಿಯ ಕೂದಲೆಳೆ ಗೆರೆಗಳಿಗೆ ಫಾಯಿಲ್ ಸರಿಯಾಗಿ ಹಿಡಿಯದೆ ಅಲ್ಲಲ್ಲಿ ತುಂಡಾಗುತ್ತದೆ. ‘ಇ’, ‘ಎ’ಗಳ ಒಳಗಿನ ಪುಟ್ಟ ಕಣ್ಣುಗಳು ಫಾಯಿಲ್ ತುಂಬಿಕೊಂಡು ಮುಚ್ಚಿಹೋಗುತ್ತವೆ. ಅಕ್ಷರದ ಒಡಲು ಸಣ್ಣದೆಂದು ಅಚ್ಚುಮೊಳೆಯವರು ಹೇಳಿದರಲ್ಲ, ಆ ಗುಣ ಇಲ್ಲಿ ನಮ್ಮನ್ನು ಕಾಡುತ್ತದೆ. ಹೆಸರುಗಳನ್ನು ಸಾಕಷ್ಟು ದೊಡ್ಡದಾಗಿ ಇಡುವುದು ಒಂದು ದಾರಿ, ಫೋರ್ಟೆ ರೂಪವನ್ನು ಬಳಸುವುದು ಇನ್ನೊಂದು. ಎಷ್ಟು ತೆಳು ಗೆರೆಯವರೆಗೆ ತಾಳುತ್ತದೆ ಎಂಬುದನ್ನು ಬ್ಲಾಕ್ ಮಾಡುವವರಲ್ಲಿಯೇ ಕೇಳಿ. ಅದು ಕಾಗದವನ್ನೂ ಫಾಯಿಲ್‌ನ ಗುಣವನ್ನೂ ಅವಲಂಬಿಸಿದೆ. ಕೈಕಾಗದದ ಒರಟು ಮೈ ನೋಡಲು ಚೆಂದ, ಆದರೆ ಅದರ ಗುಳಿಗಳಲ್ಲಿ ಫಾಯಿಲ್ ಕೂರುವುದಿಲ್ಲ.

ಫಾಯಿಲ್ ಬಿಟ್ಟು ಆಫ್‌ಸೆಟ್‌ನಲ್ಲಿ ಬಣ್ಣದ ಅಕ್ಷರ ಬೇಕೆಂದರೆ ನಾಲ್ಕು ಬಣ್ಣಗಳ ಚುಕ್ಕೆಗಳಿಂದ ಆ ಬಣ್ಣವನ್ನು ಕಟ್ಟಬೇಡಿ. ತೆಳು ಗೆರೆ ಚುಕ್ಕೆಗಳಾಗಿ ಒಡೆದು ಅಂಚು ಗರಗಸದಂತಾಗುತ್ತದೆ, ಬಣ್ಣಗಳ ಹೊಂದಾಣಿಕೆ ಒಂದು ಎಳೆ ತಪ್ಪಿದರೂ ನೆರಳು ಕಾಣುತ್ತದೆ. ಒಂದೇ ಶಾಯಿಯನ್ನು ಕಲಸಿ ಹಚ್ಚುವಂತೆ ಹೇಳಿ. ಕಡುಗೆಂಪು ನೆಲದ ಮೇಲೆ ಬಿಳಿ ಅಕ್ಷರ ಬಿಡಿಸುವ ಆಸೆ ಹಲವರಿಗಿರುತ್ತದೆ; ಸುತ್ತಲಿನ ಶಾಯಿ ಒಳಕ್ಕೆ ಹರಡಿ ತೆಳು ಗೆರೆಯನ್ನು ನುಂಗುವುದರಿಂದ ಅಲ್ಲಿಯೂ ಫೋರ್ಟೆಯೇ ಬೇಕು. ಸ್ಕ್ರೀನ್ ಪ್ರಿಂಟಿಂಗ್ ಆದರೆ ಜಾಲರಿಯ ಕಣ್ಣು ಸೂಕ್ಷ್ಮವಾಗಿರಲೇಬೇಕು.

ಲಿಪಿಕಾರ

ಕನ್ನಡದ ಮಗ್ಗುಲಿನ ಬಗ್ಗೆ ನನ್ನ ಎರಡು ಮಾತು. ಜಾಫಿನೋದ ಓರೆಗೆ ಹೊಂದಲಿ ಎಂದು ಕನ್ನಡ ಅಕ್ಷರವನ್ನು ತಂತ್ರಾಂಶದ ಗುಂಡಿ ಒತ್ತಿ ವಾಲಿಸುವ ಚಾಳಿ ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಬಲವಾಗಿ ಬೇರೂರಿದೆ. ದಯವಿಟ್ಟು ಅದನ್ನು ಮಾಡಬೇಡಿ. ರೋಮನ್ ಲಿಪಿಯಲ್ಲಿ ಓರೆ ಅಕ್ಷರ ಬೇರೆಯದೇ ಬರವಣಿಗೆಯಾಗಿ ಬೆಳೆದು ಬಂದದ್ದು, ನೆಟ್ಟಗಿನ ಅಕ್ಷರವನ್ನು ತಳ್ಳಿದ್ದರಿಂದ ಆದದ್ದಲ್ಲ. ಕನ್ನಡದ ಗುಂಡನೆಯ ಹೊಟ್ಟೆಗಳನ್ನು ತಳ್ಳಿದರೆ ವೃತ್ತ ಮೊಟ್ಟೆಯಾಗುತ್ತದೆ, ಗೆರೆಯ ದಪ್ಪ ತಪ್ಪಾದ ಜಾಗದಲ್ಲಿ ಸೇರಿಕೊಳ್ಳುತ್ತದೆ, ತಲೆಕಟ್ಟು ಒಂದು ಕಡೆ ಎಳೆದಂತೆ ಕಾಣುತ್ತದೆ, ಒತ್ತು ತನ್ನ ಅಕ್ಷರದ ಅಡಿಯಿಂದ ಎಡಕ್ಕೆ ಜಾರುತ್ತದೆ.

ಎರಡು ಲಿಪಿಗಳನ್ನು ಒಂದೇ ರೀತಿ ಕಾಣಿಸಬೇಕೆಂಬ ಹಟವನ್ನು ಬಿಟ್ಟು, ಎರಡೂ ಒಂದೇ ಲೇಖನಿಯಿಂದ ಬರೆದವು ಎಂಬ ಭಾವ ಬರಲು ಏನು ಬೇಕು ಎಂದು ಯೋಚಿಸಿ. ಜಾಫಿನೋದಲ್ಲಿ ದಪ್ಪ ಮತ್ತು ತೆಳುವಿನ ಆಟವಿದೆ. ಗೆರೆಯ ದಪ್ಪ ಎಲ್ಲೆಡೆ ಒಂದೇ ಆಗಿರುವ ಕನ್ನಡ ಫಾಂಟ್ ಅದರ ಪಕ್ಕದಲ್ಲಿ ಕಬ್ಬಿಣದ ಸರಿಗೆಯಂತೆ ಕಾಣುತ್ತದೆ. ಮುಕ್ತವಾಗಿ ಸಿಗುವವುಗಳಲ್ಲಿ ತಿರೋ ಕನ್ನಡದಲ್ಲಿ ಆ ದಪ್ಪ ತೆಳುಗಳ ಹದವಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣ ವಿಭಾಗದ ಮೂರ್ತಿ ಗ್ರಂಥಮಾಲೆಯ ದ್ವಿಭಾಷಾ ಪುಸ್ತಕಗಳಿಗಾಗಿ ಮಾಡಿದ ಕೆಲಸದಿಂದ ಬಂದದ್ದು ಅದು. ನೋಟೊ ಸೆರಿಫ್ ಕನ್ನಡವನ್ನೂ ಪರೀಕ್ಷಿಸಿ ನೋಡಬಹುದು. ‘ಬಾಲೂ ತಮ್ಮ’ದಂತಹ ದುಂಡು ಮೈಯ ಫಾಂಟ್ ತನ್ನ ಜಾಗದಲ್ಲಿ ಬಹಳ ಚೆನ್ನ, ಇಲ್ಲಿ ಬೇಡ.

ಇವೆಲ್ಲ ಮುಹೂರ್ತ, ಸ್ಥಳಗಳ ಸಾಲುಗಳಿಗೆ ಆದವು. ಕನ್ನಡದ ಮಗ್ಗುಲಲ್ಲಿ ವಧೂವರರ ಹೆಸರುಗಳನ್ನು ಕೈಯಿಂದಲೇ ಬರೆಸಬೇಕೆಂದು ನನ್ನ ಸಲಹೆ. ಜಾಫಿನೋಗೆ ಸಮನಾಗಿ ನಿಲ್ಲುವ, ಒಂದೊಂದು ಅಕ್ಷರಕ್ಕೂ ಹಲವು ಬದಲಿ ರೂಪಗಳನ್ನು ಕೊಡುವ ಕನ್ನಡ ಲೇಖನಿ ಫಾಂಟ್ ಒಂದನ್ನೂ ನಾನು ಕಂಡಿಲ್ಲ. ಅದನ್ನು ಮಾಡುವುದು ಸುಲಭವೂ ಅಲ್ಲ: ಮೂವತ್ತನಾಲ್ಕು ವ್ಯಂಜನಗಳು, ಅವುಗಳ ಗುಣಿತ, ಅವುಗಳ ಒತ್ತು ಇಷ್ಟಕ್ಕೇ ನೂರಾರು ರೂಪಗಳಾಗುತ್ತವೆ, ಅವುಗಳಿಗೆ ಮತ್ತೆ ಮೂರು ನಾಲ್ಕು ಬದಲಿ ಎಂದರೆ ಕೆಲಸ ಎಷ್ಟು ಬೆಳೆಯುತ್ತದೆಂದು ನೀವೇ ಊಹಿಸಿ.

ಬಳಪ

ಲಿಪಿಕಾರರ ಮಾತಿನಲ್ಲಿ ನನಗೆ ಒಂದು ತಕರಾರಿದೆ. ಕನ್ನಡದ ಹೆಸರನ್ನು ಕೈಯಿಂದ ಬರೆಸುವುದಾದರೆ ಇಂಗ್ಲಿಷಿನದನ್ನೂ ಅದೇ ಕೈಯಿಂದ ಬರೆಸಬಾರದೇಕೆ? ಒಂದು ಮಗ್ಗುಲಲ್ಲಿ ನಿಜವಾದ ಕೈಬರಹ, ಇನ್ನೊಂದು ಮಗ್ಗುಲಲ್ಲಿ ಕೈಬರಹವನ್ನು ಅನುಕರಿಸುವ ಫಾಂಟ್ ಇದ್ದರೆ ಫಾಂಟ್‌ನ ಕೃತಕತೆ ಇನ್ನಷ್ಟು ಎದ್ದು ಕಾಣುವುದಿಲ್ಲವೇ? ನಾಲ್ಕು ಪದಗಳಿಗೋಸ್ಕರ ಸಾವಿರ ರೂಪಗಳ ಫಾಂಟ್ ಕೊಳ್ಳುವುದೂ ನನಗೆ ವಿಚಿತ್ರವಾಗಿ ತೋರುತ್ತದೆ.

ಲಿಪಿಕಾರ

ನ್ಯಾಯವಾದ ಪ್ರಶ್ನೆ. ಎರಡೂ ಲಿಪಿಗಳಲ್ಲಿ ಸಮನಾಗಿ ಕೈ ಓಡುವವರು ಸಿಕ್ಕಿದರೆ ಹಾಗೆಯೇ ಮಾಡಬಹುದು, ಅಂಥವರು ವಿರಳ. ಆದರೆ ಜಾಫಿನೋವನ್ನು ಅನುಕರಣೆ ಎಂದು ತಳ್ಳಿಹಾಕುವುದನ್ನು ಒಪ್ಪಲಾರೆ. ನಮ್ಮ ಶಾಸನಗಳ ಕೊನೆಯಲ್ಲಿ ಪದ್ಯ ರಚಿಸಿದವರ ಹೆಸರು, ಕಲ್ಲಿನ ಮೇಲೆ ಬರೆದವರ ಹೆಸರು, ಕಂಡರಿಸಿದ ರೂವಾರಿಯ ಹೆಸರು ಬೇರೆ ಬೇರೆಯಾಗಿ ಸಿಗುವುದುಂಟು. ಬರೆದ ಕೈ ಒಂದು, ಉಳಿಯ ಕೈ ಇನ್ನೊಂದು. ಶಾಸನದ ಅಕ್ಷರ ಕಲ್ಲಿನಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಬರಹದ ಅನುಕರಣೆ ಎನ್ನುವುದಿಲ್ಲ. ಜಾಫ್ ಅವರ ಆರಂಭದ ದಿನಗಳಲ್ಲಿಯೂ ಆಗಸ್ಟ್ ರೋಸನ್‌ಬರ್ಗರ್ ಎಂಬ ನುರಿತ ಅಚ್ಚು ಕೊರೆಯುವವರು ಅವರ ಬರಹವನ್ನು ಲೋಹಕ್ಕೆ ಇಳಿಸುತ್ತಿದ್ದರು. ಜಾಫಿನೋದಲ್ಲಿ ಲೋಹದ ಜಾಗಕ್ಕೆ ಗಣಕ ಬಂದಿದೆ, ಬರೆದವರ ಕೈ ಬದಲಾಗಿಲ್ಲ.

ಕನ್ನಡಕ್ಕೆ ಕೈಬರಹವನ್ನು ಸೂಚಿಸಿದ್ದು ಇಂತಹ ಫಾಂಟ್ ಇನ್ನೂ ನಮ್ಮ ಕೈಗೆ ಸಿಗದ ಕಾರಣಕ್ಕೆ ಮಾತ್ರ. ಬರೆಯುವವರಿಗೆ ಜಾಫಿನೋದಲ್ಲಿ ಹೊಂದಿಸಿದ ಇಂಗ್ಲಿಷ್ ಹೆಸರನ್ನು ಮೊದಲೇ ತೋರಿಸಿ, ಅದೇ ಅಗಲದ ಲೇಖನಿಯ ಗೆರೆ ಬರುವಂತೆ ಬರೆಯಲು ಹೇಳಿ. ಕನ್ನಡದಲ್ಲಿ ಬಳುಕಿಗೆ ಸಹಜವಾದ ಜಾಗಗಳು ಬೇರೆ: ಕೊಂಬು, ದೀರ್ಘ, ಅರ್ಕಾವತ್ತು, ಒತ್ತಿನ ಬಾಲ. ರೋಮನ್ ಅಕ್ಷರದಂತೆ ಮೇಲಕ್ಕೂ ಕೆಳಕ್ಕೂ ಕಂಬಗಳಿಲ್ಲದ ನಮ್ಮ ಲಿಪಿಯಲ್ಲಿ ಗೆರೆ ಹೊರಗೆ ಹರಿಯುವುದು ಹೆಚ್ಚಾಗಿ ಬಲಕ್ಕೆ ಮತ್ತು ಕೆಳಕ್ಕೆ. ತಲೆಕಟ್ಟನ್ನು ಎಳೆದು ಅಲಂಕರಿಸಲು ಹೋದರೆ ಅಕ್ಷರದ ಗುರುತೇ ಕೆಡುತ್ತದೆ.

ಅಚ್ಚುಮೊಳೆ

ಆಗಸ್ಟ್ ರೋಸನ್‌ಬರ್ಗರ್ ಅವರ ಹೆಸರನ್ನು ಇಲ್ಲಿ ನೋಡಿ ಸಂತೋಷವಾಯಿತು. ಪ್ರಾಸಂಗಿಕವಾಗಿ ಹೇಳುವುದಾದರೆ, ಜಾಫ್ ಅವರ ಪತ್ನಿ ಗುದ್ರುನ್ ಜಾಫ್ ಫಾನ್ ಹೆಸ್ಸೆ ಅವರೂ ಸ್ವತಂತ್ರವಾಗಿ ಹೆಸರು ಮಾಡಿದ ಅಕ್ಷರ ವಿನ್ಯಾಸಕಿ. ಅವರ ಡಯೊಟಿಮಾ ಎಂಬ ಅಕ್ಷರಶೈಲಿ ಜಾಫಿನೋಗಿಂತ ಬಹಳ ಹಳೆಯದು. ಜಾಫಿನೋದ ಕೆಳಗೆ ಬರುವ ಇಂಗ್ಲಿಷ್ ಸಾಲುಗಳಿಗೆ ಏನು ಬಳಸಲಿ ಎಂದು ಪುಟವಿನ್ಯಾಸಕಿಯವರು ಕೇಳದಿದ್ದರೂ ಹೇಳುತ್ತೇನೆ: ಪ್ಯಾಲಟಿನೋ ಇರಲಿ. ಅದೇ ಕೈ, ಅದೇ ಅಗಲ ಮೂತಿಯ ಲೇಖನಿಯ ನೆನಪು, ಹಾಗಿದ್ದೂ ಸಣ್ಣ ಗಾತ್ರದಲ್ಲಿ ಸ್ಪಷ್ಟವಾಗಿ ಓದಿಸಿಕೊಳ್ಳುವ ಒಡಲು. ಆಪ್ಟಿಮಾವೂ ಒಪ್ಪುತ್ತದೆ, ಆದರೆ ತಿರೋ ಕನ್ನಡ ಇನ್ನೊಂದು ಮಗ್ಗುಲಲ್ಲಿದ್ದರೆ ಸೆರಿಫ್ ಇರುವ ಪ್ಯಾಲಟಿನೋ ಹೆಚ್ಚು ಹೊಂದೀತು.

ಪುಟವಿನ್ಯಾಸಕಿ

ಮನೆಯವರಿಗೆ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಹೆಸರುಗಳನ್ನು ಮಾತ್ರ ಜಾಫಿನೋದಲ್ಲಿ ದೊಡ್ಡದಾಗಿಟ್ಟು, ಉಳಿದುದನ್ನು ಪ್ಯಾಲಟಿನೋದಲ್ಲಿ ಹೊಂದಿಸಿದ ಮಾದರಿಯನ್ನು ಅವರೇ ಆರಿಸಿದರು. ಕನ್ನಡದ ಹೆಸರುಗಳನ್ನು ಬರೆಯಲು ಒಬ್ಬರು ಒಪ್ಪಿದ್ದಾರೆ. ಉಳಿದಿರುವ ಪ್ರಶ್ನೆ ಇಷ್ಟೇ: ಇದೇ ಪತ್ರಿಕೆಯನ್ನು ಹೊರದೇಶದ ಬಂಧುಗಳಿಗೆ ಒಂದು ಪುಟ್ಟ ಜಾಲಪುಟವಾಗಿಯೂ ಕಳುಹಿಸಬೇಕಂತೆ. ಅಲ್ಲಿಯೂ ಜಾಫಿನೋ ಹಾಗೆಯೇ ಕಾಣುತ್ತದೆಯೇ?

ಕೋಡುಬರಹ

ಫಾಂಟಿನ ಹೆಸರನ್ನು ಮಾತ್ರ ಬರೆದರೆ ಕಾಣುವುದಿಲ್ಲ. ಮ್ಯಾಕ್ ಮತ್ತು ಐಫೋನ್ ಇರುವವರಿಗೆ ಅದು ಸಾಧನದಲ್ಲಿಯೇ ಇರುವುದರಿಂದ ಕಾಣಬಹುದು. ವಿಂಡೋಸ್ ಅಥವಾ ಆಂಡ್ರಾಯ್ಡ್ ಇರುವವರಿಗೆ ಬೇರೆ ಯಾವುದೋ ಅಕ್ಷರ ಬಂದು ಕೂರುತ್ತದೆ. ಫಾಂಟ್ ಕಡತವನ್ನೇ ಜಾಲಪುಟಕ್ಕೆ ಸೇರಿಸಬೇಕೆಂದರೆ ಅದಕ್ಕೆ ಬೇರೆ ಪರವಾನಗಿ ಬೇಕು. ಲೈನೋಟೈಪ್ ಈಗ ಮಾನೋಟೈಪ್ ಸಂಸ್ಥೆಯ ಅಡಿಯಲ್ಲಿದೆ. ಗಣಕದ ಜೊತೆ ಬಂದ ಪ್ರತಿಯನ್ನು ಜಾಲಪುಟಕ್ಕೆ ಏರಿಸುವಂತಿಲ್ಲ. ಎರಡೇ ಹೆಸರುಗಳಾದ್ದರಿಂದ ಅವನ್ನು ಗೆರೆಚಿತ್ರವಾಗಿ ಪರಿವರ್ತಿಸಿ ಎಸ್‌ವಿಜಿ ಎಂಬ ಚಿತ್ರ ಕಡತದ ರೂಪದಲ್ಲಿ ಇಡಿ, ಓದಿ ಹೇಳುವ ತಂತ್ರಾಂಶ ಬಳಸುವವರಿಗಾಗಿ ಹೆಸರುಗಳನ್ನು ಪರ್ಯಾಯ ಪಠ್ಯವಾಗಿಯೂ ಸೇರಿಸಿ. ಉಳಿದ ಕನ್ನಡ, ಇಂಗ್ಲಿಷ್ ಸಾಲುಗಳು ನಿಜವಾದ ಪಠ್ಯವಾಗಿಯೇ ಇರಲಿ. ವಿಳಾಸವನ್ನು ನಕಲು ಮಾಡಿ ನಕ್ಷೆಯಲ್ಲಿ ಹುಡುಕಲು ಬಂಧುಗಳಿಗೆ ಅದು ಬೇಕಾಗುತ್ತದೆ.

ಮುದ್ರಕ

ಅಚ್ಚಿಗೆ ಕಳುಹಿಸುವ ಕಡತದಲ್ಲಿಯೂ ಹೆಸರುಗಳನ್ನು ಗೆರೆಚಿತ್ರವಾಗಿ ಪರಿವರ್ತಿಸಿಯೇ ಕೊಡಿ, ಏಕೆಂದರೆ ಅಚ್ಚುಮನೆಯ ಗಣಕದಲ್ಲಿ ಬೇರೆ ಆವೃತ್ತಿಯ ಜಾಫಿನೋ ಇದ್ದರೆ ನೀವು ಆರಿಸಿದ ಬದಲಿ ರೂಪಗಳು ಸದ್ದಿಲ್ಲದೆ ಬದಲಾಗಿಬಿಡಬಹುದು. ತಿದ್ದಬಲ್ಲ ಮೂಲ ಪ್ರತಿಯೊಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಬಾಲಗಳ ತುದಿ ಕಾಗದ ಕತ್ತರಿಸುವ ಗೆರೆಗೆ ತೀರ ಹತ್ತಿರ ಬಾರದಂತೆ ನೋಡಿಕೊಂಡು, ಫಾಯಿಲ್ ಬ್ಲಾಕ್ ಮಾಡಿಸುವ ಮೊದಲು ಅದೇ ಅಳತೆಯಲ್ಲಿ ಕಪ್ಪು ಶಾಯಿಯ ಒಂದು ಪ್ರತಿ ತೆಗೆದು ಹೆಸರುಗಳ ಕಾಗುಣಿತವನ್ನು ಎರಡೂ ಮನೆಯ ಹಿರಿಯರಿಂದ ಓದಿಸಿ. ಬಳುಕುವ ಅಕ್ಷರಗಳಲ್ಲಿ ಒಂದು ‘ಎ’ ಬಿಟ್ಟುಹೋದದ್ದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.